ಅಮ್ಮನ ಪರವಾಗಿ ಆಡಿದ ಮಾತು

ಅನುಗೊಂಡನಹಳ್ಳಿ
8 ಜುಲೈ 2024

ಪ್ರೀತಿಯ ಬಿಪನಾ,

ಹೆರಿಗೆಗೆಂದು ತವರಿಗೆ ಬಂದು ವಾರವಾಯಿತು. ನನ್ನ ಅಮ್ಮ ಮುನಿತಾಯಮ್ಮನಿಗೆ ನಾನೊಂದು ದೊಡ್ಡ ಕೆಲಸವಾಗಿಬಿಟ್ಟಿದ್ದೇನೆ. ಕುಳಿತರೆ ನಡೆದಾಡು ಎನ್ನುತ್ತಾಳೆ, ನಡೆದಾಡಿದರೆ ಎಲ್ಲಿಗೆ ಹೊರಟೆ ಎನ್ನುತ್ತಾಳೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಾಯಿತೆಂದರೆ ನನ್ನ ಕೈ ತಾನಾಗಿಯೇ ಸೀಮೆಸುಣ್ಣ ಹುಡುಕುತ್ತದೆ.

ನಾನು ಹೊರಟ ದಿನ ನೀನು ಶಾಲೆಯ ಗೇಟಿನ ಬಳಿ ಏನೋ ಹೇಳಲು ಬಂದು ಸುಮ್ಮನಾದೆ. ಆಟೋದವನು ಅವಸರ ಮಾಡಿದ. ದಾರಿಯುದ್ದಕ್ಕೂ ಅದೇ ನನ್ನ ಮನಸ್ಸಿನಲ್ಲಿತ್ತು. ಫೋನು ಮಾಡೋಣವೆಂದರೆ ನಿಮ್ಮ ಮನೆಗಿರುವ ಒಂದೇ ಫೋನು ನಿನ್ನ ಅಪ್ಪನ ಜೇಬಿನಲ್ಲಿ, ಗುಲಾಬಿ ತೋಟದಲ್ಲಿರುತ್ತದೆ. ಸಿಕ್ಕರೂ ನೀನು ‘ಹ್ಞೂಂ ಮಿಸ್’ ಎನ್ನುವುದರಾಚೆ ಹೋಗುವವಳಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಬಾಯಲ್ಲಿ ಬರದಿದ್ದರೆ ಕಾಗದದಲ್ಲಿ ಬರೆ. ನಿನ್ನ ತರಗತಿಯ ಸಿಂಚನಳ ಅಪ್ಪ ಬೈರೇಶ್ ಹೂವಿನ ವ್ಯಾನಿನಲ್ಲಿ ತೂಬಗೆರೆಗೆ ಹೋಗುವಾಗ ಪೋಸ್ಟಿಗೆ ಹಾಕುತ್ತೇನೆಂದು ಒಪ್ಪಿಕೊಂಡಿದ್ದಾರೆ.

ಎರಡು ವರ್ಷದ ಹಿಂದೆ ನಿನ್ನ ಅಪ್ಪ ನಿನ್ನನ್ನು ಮೂರನೇ ತರಗತಿಗೆ ಕರೆತಂದಾಗ ನಿನಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ನನಗೆ ನೇಪಾಳಿ ಇಂದಿಗೂ ಬರುವುದಿಲ್ಲ. ಆ ಮಳೆಗಾಲವೆಲ್ಲ ನೀನು ಕಿಟಕಿಯ ಪಕ್ಕ ಕುಳಿತು ಮಾಕಳಿದುರ್ಗದ ಬೆಟ್ಟ ನೋಡುತ್ತಿದ್ದೆ. ಈ ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ನಮ್ಮಲ್ಲೇ ಕೆಲವರು ಅಂದರು. ಒಂದು ದಿನ ಸಿಂಚನ ನಿನ್ನ ಪೆನ್ಸಿಲು ಕಿತ್ತುಕೊಂಡಳು. ನೀನು ಎದ್ದು ನಿಂತು, ‘ಏ, ಕೊಡೇ, ನಂದದು’ ಅಂದೆ. ಅಪ್ಪಟ ನಮ್ಮೂರಿನ ಧಾಟಿ. ನಾನು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದು ನಿಮಗ್ಯಾರಿಗೂ ಗೊತ್ತಿಲ್ಲ.

ತಪ್ಪಾದರೆ ಆಗಲಿ, ಯಾರ ಹತ್ತಿರವೂ ತಿದ್ದಿಸಬೇಡ. ನಾನು ಕೆಂಪು ಪೆನ್ನನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ.

ನಿನ್ನ,
ಸಂಘಮಿತ್ರ ಮಿಸ್


ಗುಲಾಬಿ ತೋಟ, ತೂಬಗೆರೆ ಹೋಬಳಿ
24 ಜುಲೈ 2024

ಪ್ರೀತಿಯ ಮಿಸ್ ಗೆ,

ನಾನು ಚೆನ್ನಾಗಿ ಇದೆ. ನಿವು ಚೆನ್ನಾಗಿ ಇದೆಯಾ. ಹೊಸ ಸರ್ ಬಂದಿದೆ. ಹೆಸರು ಮುರಳಿ ಸರ್. ಸರ್ ಒಳ್ಳೆಯದು ಆದರೆ ಬೇಗ ಬೇಗ ಮಾತಾಡುತ್ತದೆ. ನನಗೆ ಅರ್ಥ ಬರುವಾಗ ಬೇರೆ ಪಾಠ ಶುರು ಆಗುತ್ತದೆ.

ಒಂದು ದಿನ ಸರ್ ಕೇಳಿತು, ಇವತ್ತು ಊಟ ಹೇಗಿತ್ತು. ನಾನು ಎದ್ದು ಹೇಳಿದೆ, ಹುಲಿ ತುಂಬಾ ಚೆನ್ನಾಗಿತ್ತು. ಎಲ್ಲರು ನಗಿದರು. ಸರ್ ಕೂಡ ನಗಿತು. ಸಿಂಚನ ಸ್ಲೇಟಲ್ಲಿ ಬರೆದು ತೋರಿಸಿತು, ಅನ್ನದ ಹುಳಿಗೆ ಬೇರೆ ಳ ಇದೆ. ನನ್ನ ಬಾಯಿಗೆ ಎರಡು ಒಂದೇ ಬರುತ್ತದೆ. ಈಗ ಹುಡುಗರು ನನಗೆ ಹುಲಿ ತಿಂದವಳು ಅನ್ನುತ್ತಾರೆ. ಅದಕ್ಕೆ ನಾನು ಕ್ಲಾಸಲ್ಲಿ ಮಾತಾಡುವುದು ಬಿಟ್ಟಿದೆ. ಕಾಗದ ನಗುವುದಿಲ್ಲ.

ಗೇಟ್ ಹತ್ತಿರ ಹೇಳುವುದು ಏನು ಅಂದರೆ ನನ್ನ ಅಮ್ಮನ ಹೊಟ್ಟೆಯಲ್ಲಿ ಕೂಡ ಮಗು ಇದೆ. ನಿಮ್ಮ ಹಾಗೆ. ಮಂಗಳವಾರ ನಾನು ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿದೆ. ತಮ್ಮ ಸುಜನ್ ಕೂಡ ಬಂತು.

ಇಷ್ಟು ಬರೆಯಲು ಎರಡು ಸಂಜೆ ಆಯಿತು.

ಇಂತಿ
ಬಿಪನಾ ತಮಾಂಗ್, ಐದನೇ ತರಗತಿ


ಅನುಗೊಂಡನಹಳ್ಳಿ
3 ಆಗಸ್ಟ್ 2024

ಪ್ರೀತಿಯ ಬಿಪನಾ,

ನಿನ್ನ ಪತ್ರವನ್ನು ನಾನೂ ಅಮ್ಮನೂ ಸೇರಿ ಓದಿದೆವು. ಹುಲಿಯ ಜಾಗ ಬಂದಾಗ ಅಮ್ಮ ನಕ್ಕಳು. ಕೋಪ ಮಾಡಿಕೊಳ್ಳಬೇಡ. ಅವಳು ನಕ್ಕದ್ದು ನಿನಗಲ್ಲ, ನನ್ನ ಕಥೆ ನೆನಪಾಗಿ.

ನಮ್ಮ ಮನೆಯ ಮಾತು ತೆಲುಗು. ಹೊಸಕೋಟೆ ಕಡೆ ಹೀಗೆ ಎಷ್ಟೋ ಮನೆಗಳಿವೆ. ಒಳಗೊಂದು ಮಾತು, ಹೊರಗೊಂದು ಮಾತು. ನಾನು ಶಾಲೆಗೆ ಸೇರಿದ ಹೊಸತರಲ್ಲಿ ಬಾಯಾರಿಕೆಯಾಗಿ ಮೇಷ್ಟರ ಹತ್ತಿರ ಹೋಗಿ ‘ನೀಳ್ಳು’ ಎಂದು ಕೇಳಿದೆ. ಇಡೀ ತರಗತಿ ನಕ್ಕಿತು. ಆಮೇಲೆ ನೀರಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಗೊತ್ತಾದರೂ ನಾನು ಕೇಳಲಿಲ್ಲ. ಸಂಜೆಯವರೆಗೆ ಒಣಬಾಯಲ್ಲಿ ಕುಳಿತು, ಮನೆಗೆ ಬಂದು ಚೊಂಬು ಎತ್ತುತ್ತಿದ್ದೆ. ಎಷ್ಟು ದಿನ ಹಾಗಿದ್ದೆನೋ. ಕೊನೆಗೆ ಅಮ್ಮನಿಗೆ ಗೊತ್ತಾಗಿ, ಅವಳು ಹೇಳಿದ ಮಾತನ್ನು ನಿನಗೂ ಹೇಳುತ್ತೇನೆ: ‘ನಗೋರು ನಕ್ಕೊಂಡು ಮನೆಗೆ ಹೋಗ್ತಾರೆ. ಬಾಯಿ ಒಣಗೋದು ನಿಂದು.’

ಳ ಹೇಳುವಾಗ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸು. ಯಾರೂ ಇಲ್ಲದಾಗ ಗುಲಾಬಿ ಸಾಲಿನ ನಡುವೆ ನಿಂತು ಹೇಳಿಕೋ: ಹಳ್ಳಿ, ಬಾಳೆ, ಕಳ್ಳ, ಹುಳಿ.

ನಿನ್ನ ಅಮ್ಮ ಮನಮಾಯಾಗೆ ನನ್ನ ಅಭಿನಂದನೆ ತಿಳಿಸು. ಒಂದು ಮಾತು ಕೇಳಲೇ? ಮಂಗಳವಾರ ಶಾಲೆಯಿತ್ತಲ್ಲ. ಆಸ್ಪತ್ರೆಗೆ ನೀನೇ ಹೋಗಬೇಕಾಯಿತೆ?

ಪ್ರೀತಿಯಿಂದ,
ಸಂಘಮಿತ್ರ ಮಿಸ್


ಗುಲಾಬಿ ತೋಟ
30 ಆಗಸ್ಟ್ 2024

ಪ್ರೀತಿಯ ಮಿಸ್,

ನಿಮಗೆ ಗಂಡು ಮಗು ಆಯಿತು ಎಂದು ಹೆಡ್‌ಮಾಸ್ಟರ್ ನರಸಿಂಹಯ್ಯ ಸರ್ ಪ್ರಾರ್ಥನೆಯಲ್ಲಿ ಹೇಳಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನೀವು ತಿದ್ದಿಸಬೇಡ ಎಂದಿದ್ದಿರಿ, ಆದರೆ ಸಿಂಚನ ಬಿಡುವುದಿಲ್ಲ. ನನ್ನ ‘ಬಂತು, ಹೋಯಿತು’ ಎಲ್ಲವನ್ನು ಅವಳೇ ಬಂದರು, ಹೋದರು ಮಾಡಿದ್ದಾಳೆ. ದಿನಾ ಸಂಜೆ ಕೂರಿಸಿಕೊಂಡು ಹೇಳಿಕೊಡುತ್ತಾಳೆ, ಈಗ ನನಗೂ ಗೊತ್ತಾಗುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ. ಅಪ್ಪನಿಗೆ ಹಿಂದಿ ಬರುತ್ತದೆ, ಆದರೆ ಹೂವು ಕೊಯ್ಯುವ ದಿನ ರಜೆ ಇಲ್ಲ. ಅಮ್ಮನಿಗೆ ನಮ್ಮ ಮಾತು ಬಿಟ್ಟು ಯಾವ ಮಾತೂ ಬರುವುದಿಲ್ಲ. ಅದಕ್ಕೆ ಆಸ್ಪತ್ರೆಗೆ ನಾನೇ ಹೋಗುತ್ತೇನೆ. ಅಂಗಡಿಗೂ ನಾನೇ. ರೇಷನ್ ಕೇಳಲೂ ನಾನೇ. ಶಾಲೆಯಲ್ಲಿ ನನ್ನ ಕನ್ನಡ ಕೇಳಿ ನಗುತ್ತಾರೆ, ಆಸ್ಪತ್ರೆಯಲ್ಲಿ ಯಾರೂ ನಗುವುದಿಲ್ಲ. ಸಿಸ್ಟರ್ ನನಗೆ ಸ್ಟೂಲ್ ಕೊಡುತ್ತಾರೆ. ಅಮ್ಮ ನನ್ನ ಮುಖವನ್ನೇ ನೋಡುತ್ತಾಳೆ, ನಾನು ಏನು ಹೇಳುತ್ತೇನೋ ಎಂದು. ಅಲ್ಲಿ ನಾನು ದೊಡ್ಡವಳು, ಅಮ್ಮ ಚಿಕ್ಕವಳು.

ಈ ಸಲ ಎಲ್ಲ ಪ್ರಶ್ನೆಗೂ ನಾನು ಬೇಗ ಉತ್ತರ ಹೇಳಿದೆ. ಊಟ ಸೇರುತ್ತದಾ ಎಂದರು, ಅಮ್ಮನಿಗೆ ಕೇಳಿ ಸೇರುತ್ತದೆ ಎಂದೆ. ಮಾತ್ರೆ ತಗೊಳ್ತಾರಾ ಎಂದರು, ತಗೊಳ್ತಾರೆ ಎಂದೆ. ‘ಮಗು ಆಡ್ತಾ ಇದೆಯಾ ಕೇಳು’ ಎಂದರು. ನಾನು ಅಮ್ಮನಿಗೆ ಕೇಳಿದೆ. ಅಮ್ಮ ಬಾಗಿಲ ಹತ್ತಿರ ಇದ್ದ ಸುಜನ್‌ನನ್ನು ನೋಡಿ, ದಿನವೆಲ್ಲ ಆಡುತ್ತಾನೆ, ಮನೆಯಲ್ಲಿ ನಿಲ್ಲುವುದೇ ಇಲ್ಲ ಎಂದಳು. ನಾನು ಹೌದು, ತುಂಬಾ ಆಡುತ್ತದೆ ಎಂದೆ. ಸಿಸ್ಟರ್ ಬರೆದುಕೊಂಡರು. ನೀನು ಜಾಣೆ ಕಣೇ ಎಂದರು.

ಹೊಟ್ಟೆಯ ಮಗು ಮಾತ್ರ ಸುಜನ್ ಹಾಗಲ್ಲ ಮಿಸ್. ಮೊದಲು ಅದೂ ಒದೆಯುತ್ತಿತ್ತಂತೆ. ಈಗ ತುಂಬಾ ಒಳ್ಳೆಯದಾಗಿದೆ, ಸುಮ್ಮನೆ ಮಲಗಿರುತ್ತದೆ, ಇದು ಹೆಣ್ಣೇ ಎಂದು ಅಮ್ಮ ಹೇಳುತ್ತಾಳೆ.

ನಿಮ್ಮ ಮಗುವಿಗೆ ಏನು ಹೆಸರು?

ನಿಮ್ಮ ವಿದ್ಯಾರ್ಥಿನಿ,
ಬಿಪನಾ


ಅನುಗೊಂಡನಹಳ್ಳಿ
4 ಸೆಪ್ಟೆಂಬರ್ 2024

ಬಿಪನಾ,

ನಿನ್ನ ಪತ್ರ ಮಧ್ಯಾಹ್ನ ಬಂತು. ಓದಿದ ಕೂಡಲೇ ನರಸಿಂಹಯ್ಯ ಸರ್‌ಗೆ ಫೋನು ಮಾಡಿದೆ. ಅವರು ಬಿಸಿಯೂಟದ ಅಮ್ಮಯಮ್ಮನನ್ನು ಕರೆದುಕೊಂಡು ನಿಮ್ಮ ಮನೆಗೆ ಹೊರಟಿದ್ದಾರೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಏನಾಗಬೇಕೋ ಅದು ಆಗಿರುತ್ತದೆ. ಆದರೂ ಸುಮ್ಮನೆ ಕುಳಿತಿರಲಾರದೆ ಬರೆಯುತ್ತಿದ್ದೇನೆ.

ನೀನು ನನಗೆ ಎಲ್ಲವನ್ನೂ ಬರೆದೆಯಲ್ಲ, ಅದು ತುಂಬಾ ಒಳ್ಳೆಯದಾಯಿತು. ಇದೊಂದು ಮಾತು ನೆನಪಿಟ್ಟುಕೋ.

ಮಿಸ್


ಗುಲಾಬಿ ತೋಟ
19 ಸೆಪ್ಟೆಂಬರ್ 2024

ಮಿಸ್,

ಆ ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ಹೂವಿನ ವ್ಯಾನು ನಮ್ಮ ಶೆಡ್ಡಿನ ಮುಂದೆ ಬಂದು ನಿಂತಿತು. ಹೆಡ್‌ಮಾಸ್ಟರ್ ಮತ್ತು ಅಮ್ಮಯಮ್ಮ ಅಜ್ಜಿ ಇಳಿದರು. ನಾನು ಶಾಲೆಗೆ ಹೋಗದ್ದಕ್ಕೆ ಬೈಯಲು ಬಂದರು ಎಂದುಕೊಂಡೆ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಹೊಟ್ಟೆಯ ಮೇಲೆ ಕೈ ಇಟ್ಟರು. ‘ಮಗಾ, ನಿಮ್ಮವ್ವನ್ನ ಕೇಳು, ಹೊಟ್ಟೇಲಿ ಮಗು ಆಡ್ತಾ ಅದಾ?’ ಎಂದರು.

ಆಗ ನನಗೆ ಗೊತ್ತಾಯಿತು ಮಿಸ್. ಸಿಸ್ಟರ್ ಯಾವ ಮಗುವನ್ನು ಕೇಳಿದ್ದರು ಎಂದು.

ನಾನು ಅಮ್ಮನಿಗೆ ಸರಿಯಾಗಿ ಕೇಳಿದೆ. ಅಮ್ಮ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿ, ನಿನ್ನೆಯಿಂದ ಗೊತ್ತಾಗುತ್ತಿಲ್ಲ ಎಂದಳು. ನಾನು ಹೇಳುವ ಮೊದಲೇ ಅಜ್ಜಿಗೆ ಅರ್ಥವಾಯಿತು. ಬೈರೇಶ್ ಅಂಕಲ್ ಹೂವಿನ ಬಕೆಟ್ಟುಗಳನ್ನೆಲ್ಲ ಕೆಳಗೆ ಇಳಿಸಿದರು. ವ್ಯಾನಿನಲ್ಲಿ ಅಜ್ಜಿ ಅಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಮ್ಮ ಏನಾಯಿತು, ಏನಾಯಿತು ಎಂದು ನನ್ನನ್ನು ಕೇಳುತ್ತಲೇ ಇದ್ದಳು.

ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ನನಗೆ ಕನ್ನಡವೂ ಬರಲಿಲ್ಲ, ನೇಪಾಳಿಯೂ ಬರಲಿಲ್ಲ. ಬಾಯಿ ತೆರೆದೆ, ಗಾಳಿ ಬಂತು. ಆಮೇಲೆ ಅಪ್ಪ ಓಡಿ ಬಂದು ಹಿಂದಿಯಲ್ಲಿ ಹೇಳಿದ. ಅವರು ಅಮ್ಮನಿಗೆ ಆಪರೇಷನ್ ಮಾಡಿ ಮಗು ತೆಗೆದರು. ತಂಗಿ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತಳು, ಬೆಕ್ಕಿನ ಮರಿಯ ಹಾಗೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ನನ್ನ ತಪ್ಪು ಕನ್ನಡದಿಂದ ಹೀಗಾಯಿತು. ಹುಲಿ ಎಂದಾಗ ನಕ್ಕರು, ಅಷ್ಟೇ. ಇದು ಹಾಗಲ್ಲ. ನಾನು ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಎಲ್ಲರಿಗೂ ನನ್ನ ಮಗಳು ಇದ್ದದ್ದಕ್ಕೆ ಬದುಕಿದೆ ಎನ್ನುತ್ತಿದ್ದಾಳೆ.

ನಾನು ಇನ್ನು ಮೇಲೆ ಕನ್ನಡ ಮಾತಾಡುವುದಿಲ್ಲ. ಪತ್ರ ಬರೆಯುವುದಿಲ್ಲ. ಇದನ್ನು ಸಿಂಚನಳಿಗೂ ತೋರಿಸಿಲ್ಲ, ಅವಳು ತಿದ್ದಿದ್ದ ಹಳೆಯ ಹಾಳೆಗಳನ್ನು ನೋಡಿ ನೋಡಿ ನಾನೇ ಬರೆದೆ.

ಬಿಪನಾ


ಅನುಗೊಂಡನಹಳ್ಳಿ
25 ಸೆಪ್ಟೆಂಬರ್ 2024

ನನ್ನ ಬಿಪನಾ,

ನೀನು ಉತ್ತರ ಬರೆಯಬೇಕಾಗಿಲ್ಲ. ಓದಿದರೆ ಸಾಕು.

‘ಆಡು’ ಎಂಬ ಮಾತನ್ನು ನಿನಗೆ ಕಲಿಸಿದವಳು ನಾನು. ಬಯಲಿಗೆ ಕರೆದುಕೊಂಡು ಹೋಗಿ, ಚೆಂಡು ಕೊಟ್ಟು, ಆಡು ಎಂದೆ. ಹೊಟ್ಟೆಯೊಳಗಿನ ಮಗು ಮಿಸುಕಿದರೂ ನಮ್ಮಲ್ಲಿ ‘ಆಡುತ್ತದೆ’ ಎನ್ನುತ್ತಾರೆಂದು ನಿನಗೆ ಯಾರೂ ಹೇಳಿರಲಿಲ್ಲ. ಅದು ನಿನ್ನ ಪಾಠಪುಸ್ತಕದಲ್ಲಿಲ್ಲ. ನನಗೆ ಅದು ಗೊತ್ತಾದದ್ದೇ ನಾನು ಬಸುರಿಯಾದ ಮೇಲೆ. ಹನ್ನೊಂದು ವರ್ಷದ ಹುಡುಗಿಗೆ ತಿಳಿಯದ ಮಾತನ್ನು ಅವಳ ಬಾಯಿಂದ ಆಡಿಸಿದವರು ದೊಡ್ಡವರು. ಒಂದು ಹೆಣ್ಣು ಪ್ರತಿ ಸಲವೂ ಮಗಳನ್ನು ಶಾಲೆ ಬಿಡಿಸಿ ಕರೆತರುತ್ತಿದ್ದಾಳೆಂದರೆ, ಅದನ್ನು ಮೊದಲು ಕೇಳಬೇಕಾದವರು ನಾವು. ಆ ಭಾರ ನಿನ್ನದಲ್ಲ. ಕೆಳಗಿಡು.

ಇನ್ನೊಂದು ಮಾತು. ಆ ವ್ಯಾನು ನಿಮ್ಮ ಬಾಗಿಲಿಗೆ ತಾನಾಗಿ ಬರಲಿಲ್ಲ. ಹೊಟ್ಟೆಯ ಮಗು ಸುಮ್ಮನೆ ಮಲಗಿರುತ್ತದೆ ಎಂದು ನೀನು ಬರೆದೆ. ಬರೆದದ್ದು ಕನ್ನಡದಲ್ಲಿ. ನನಗೆ ಅದು ಸ್ಪಷ್ಟವಾಗಿ ಅರ್ಥವಾಯಿತು. ನನ್ನ ಮಗನನ್ನು ಅಮ್ಮನ ಕೈಗೆ ಕೊಟ್ಟು ಫೋನಿಗೆ ಓಡಿದೆ. ನಿನ್ನ ಕನ್ನಡವನ್ನು ಬೈಯಬೇಡ. ವ್ಯಾನು ಕರೆಸಿದ್ದು ಅದೇ.

ನಿನ್ನ ಅಮ್ಮ ಹೇಳುತ್ತಿರುವುದು ಸುಳ್ಳಲ್ಲ. ಆದರೂ ನಿನಗೆ ಹೇಳಬೇಕೆನ್ನಿಸಿದರೆ ಅವಳಿಗೆ ಎಲ್ಲವನ್ನೂ ಹೇಳು. ನಾನು ಕಂಡಂತೆ ತಾಯಂದಿರು ಇಂಥದ್ದಕ್ಕೆ ಮುನಿಯುವುದಿಲ್ಲ.

ಸದಾ ನಿನ್ನ,
ಸಂಘಮಿತ್ರ ಮಿಸ್


ಅನುಗೊಂಡನಹಳ್ಳಿ
11 ನವೆಂಬರ್ 2024

ಪ್ರೀತಿಯ ಬಿಪನಾ,

ತಂಗಿಯನ್ನು ಮನೆಗೆ ಕರೆತಂದರಂತೆ, ತೂಕ ಬರುತ್ತಿದೆಯಂತೆ. ದೀಪಾವಳಿ ಕಳೆದ ಮೇಲೆ ನೀನು ಶಾಲೆಗೆ ಬರುತ್ತಿದ್ದೀಯೆಂದು ಮುರಳಿ ಸರ್ ಹೇಳಿದರು. ಬರುತ್ತಾಳೆ, ಬರೆಯುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ ಎಂದರು. ಹುಲಿಯ ದಿನ ತಾವೂ ನಗಬಾರದಿತ್ತು ಎಂದೂ ಹೇಳಿದರು. ನಾನು ಅವರಿಗೆ ಹೇಳಿದ್ದಿಷ್ಟೇ, ಅವಳನ್ನು ಎಬ್ಬಿಸಿ ಪ್ರಶ್ನೆ ಕೇಳಬೇಡಿ, ಕಿಟಕಿಯ ಪಕ್ಕ ಜಾಗ ಕೊಡಿ.

ಅಮ್ಮಯಮ್ಮ ಭಾನುವಾರ ಫೋನು ಮಾಡಿದ್ದರು. ದಿನಾ ಸಂಜೆ ಬಾಣಂತಿಗೆ ಬಿಸಿನೀರು ಕಾಯಿಸಿಕೊಡಲು ಬರುತ್ತಾರಂತಲ್ಲ. ‘ನಾನು ಅವ್ಳಿಗೆ ಮಾತು ಕಲಿಸ್ತಾ ಇವ್ನಿ ಮಿಸ್ಸು, ಅವ್ಳು ನಂಗೆ ಅವ್ರೂರ್ ಥರ ಸಾರಿಗೆ ಸೊಪ್ಪು ಕೊಳೆಸಿ ಒಣಗ್ಸೋದ ಕಲಿಸ್ತಾವ್ಳೆ. ಇಬ್ರುಗೂ ಒಬ್ರುದೊಬ್ರುಗೆ ಅರ್ಥ ಆಗಕಿಲ್ಲ, ಆದ್ರೂ ಹೊತ್ತು ಹೋಗೋದೇ ತಿಳಿಯಕಿಲ್ಲ’ ಅಂದರು. ನೀನು ಆಗ ಮೂಲೆಯಲ್ಲಿ ಕುಳಿತು ತಂಗಿಯನ್ನು ತೂಗುತ್ತಿರುತ್ತೀಯಂತೆ.

ನನ್ನ ಮಗನಿಗೆ ಇನ್ನೂ ಹೆಸರಿಟ್ಟಿಲ್ಲ. ನಮ್ಮಮ್ಮನಿಗೂ ನನ್ನ ಯಜಮಾನರು ಭೀಮರಾಜ್‌ಗೂ ಅದರ ಮೇಲೆ ಇನ್ನೂ ಚರ್ಚೆ ನಡೆಯುತ್ತಿದೆ. ಸದ್ಯಕ್ಕೆ ಅವನು ಬರೀ ಪಾಪು.

ಜನವರಿಯಲ್ಲಿ ಬರುತ್ತೇನೆ. ನೀನು ಮಾತಾಡದಿದ್ದರೂ ಪರವಾಗಿಲ್ಲ, ಮೊದಲ ಬೆಂಚಿನಲ್ಲಿರು.

ಸಂಘಮಿತ್ರ ಮಿಸ್


ಗುಲಾಬಿ ತೋಟ
22 ಡಿಸೆಂಬರ್ 2024

ಪ್ರೀತಿಯ ಮಿಸ್,

ನಿಮ್ಮ ಕೊನೆಯ ಎರಡೂ ಪತ್ರ ಸಿಕ್ಕಿದವು. ಭಾರ ಕೆಳಗಿಡು ಎಂದಿದ್ದ ಸೆಪ್ಟೆಂಬರಿನ ಪತ್ರವನ್ನು ನಾನು ಬಹಳ ಸಲ ಓದಿದೆ. ಬರೆಯಬಾರದು ಎಂದುಕೊಂಡಿದ್ದೆ, ಈಗ ಬರೆಯುತ್ತಿದ್ದೇನೆ.

ಅಮ್ಮನಿಗೆ ಹೇಳಿದೆ. ತಂಗಿ ಮನೆಗೆ ಬಂದ ದಿನ ಹೇಳಿದೆ. ಅಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚಲು ಕುಳಿತಳು, ಬಹಳ ಹೊತ್ತು ಹಚ್ಚಿದಳು. ನೀನು ಎಷ್ಟು ಚಿಕ್ಕವಳು ಎಂದು ಮರೆತೇ ಹೋಗಿತ್ತು ಎಂದಳು. ಮಾರನೇ ದಿನದಿಂದ ಅಮ್ಮಯಮ್ಮ ಅಜ್ಜಿ ಬಂದಾಗ ಅವರ ಬಾಯನ್ನೇ ನೋಡುತ್ತಾ ಕೂರಲು ಶುರು ಮಾಡಿದಳು. ನೀರು, ಬೆಂಕಿ, ಸೊಂಟ, ನೋವು, ಸಾಕು, ಬೇಡ. ಅಜ್ಜಿ ಹೇಳಿದ್ದನ್ನೆಲ್ಲ ಹೇಳುತ್ತಾಳೆ. ತಪ್ಪು ಹೇಳಿದರೆ ಅಜ್ಜಿ ನಗುತ್ತಾರೆ, ಅಮ್ಮ ಅವರಿಗಿಂತ ಜೋರಾಗಿ ನಗುತ್ತಾಳೆ. ನಗುವವರ ಜೊತೆ ನಗಬಹುದು ಎಂದು ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಅಜ್ಜಿಗೆ, ‘ನನ್ನ ಗಂಡ ಒಳ್ಳೆಯವಳು’ ಎಂದಳು. ಅಜ್ಜಿ ಹೌದವ್ವ ಹೌದು ಎಂದರು. ನನಗೆ ತಡೆಯಲು ಆಗಲಿಲ್ಲ. ‘ಒಳ್ಳೆಯವಳು ಅಲ್ಲಮ್ಮ, ಒಳ್ಳೆಯವನು’ ಎಂದೆ. ಅದೂ ಕನ್ನಡದಲ್ಲಿ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಅಜ್ಜಿ ನನ್ನ ಕಡೆ ತಿರುಗಿ ನೋಡಲಿಲ್ಲ. ಒಲೆಗೆ ಸೌದೆ ದೂಡುತ್ತಾ, ‘ಸಂಜೆ ಆಯ್ತು, ದೀಪ ಹಾಕವ್ವ’ ಎಂದರು, ನಾನು ದಿನಾ ಮಾತಾಡುವವಳ ಹಾಗೆ. ನಾನು ಆಯ್ತು ಎಂದು ಎದ್ದು ಹಾಕಿದೆ.

ಈ ವಾರ ತಂಗಿಗೆ ಚುಚ್ಚುಮದ್ದು ಇತ್ತು. ಅಂಗನವಾಡಿಗೆ ಸಿಸ್ಟರ್ ಬಂದಿದ್ದರು, ಅದೇ ಸಿಸ್ಟರ್. ನಾನು ಸಮವಸ್ತ್ರ ಹಾಕದೆ ಅಮ್ಮನ ಜೊತೆ ಹೊರಟೆ. ಅರ್ಧ ದಾರಿಯಲ್ಲಿ ಅಮ್ಮ ನಿಂತಳು. ಮನೆಗೆ ಹೋಗಿ ಬಟ್ಟೆ ಹಾಕಿಕೊಂಡು ಶಾಲೆಗೆ ಹೋಗು, ನಾನು ಮಾತಾಡುತ್ತೇನೆ ಎಂದಳು. ಆಗುವುದಿಲ್ಲ ಎಂದೆ. ಗೊತ್ತಾಗದಿದ್ದರೆ ಗೊತ್ತಾಗುವವರೆಗೂ ಕೇಳುತ್ತೇನೆ, ನೀನು ಹೋಗು ಎಂದಳು. ನಾನು ಹೋಗಲಿಲ್ಲ. ಗೋಡೆಯ ಹಿಂದೆ ನಿಂತು ಕೇಳಿಸಿಕೊಂಡೆ. ಸಿಸ್ಟರ್ ನಿಮ್ಮ ಹುಡುಗಿ ಎಲ್ಲಿ ಎಂದು ಕೇಳಿದರು. ಅಮ್ಮ ಹೇಳಿದಳು, ‘ಮಗಳು ಇಸ್ಕೂಲು. ನಂಗೆ ಹೇಳಿ. ಮೆಲ್ಲಗೆ ಹೇಳಿ.’

ಸಿಸ್ಟರ್ ಮೆಲ್ಲಗೆ ಹೇಳಿದರು ಮಿಸ್. ಒಂದೊಂದೇ ಮಾತು, ಕೈ ತೋರಿಸಿ. ಅಮ್ಮ ಇನ್ನೊಂದು ಸಲ ಎಂದಳು. ಅವರು ಇನ್ನೊಂದು ಸಲವೂ ಹೇಳಿದರು. ಆಮೇಲೆ ಅಮ್ಮನೇ, ಜ್ವರ ಬಂದ್ರೆ ಈ ಮಾತ್ರೆ ಅರ್ಧ ಎಂದು ತಿರುಗಿ ಒಪ್ಪಿಸಿದಳು. ಹೌದು ಎಂದರು.

ನನಗೆ ಖುಷಿಯಾಗಬೇಕಿತ್ತು. ಸ್ವಲ್ಪ ಅಳು ಬಂತು. ಇನ್ನು ಅಲ್ಲಿ ಯಾರೂ ನನಗೆ ಸ್ಟೂಲ್ ಕೊಡುವುದಿಲ್ಲ. ಮನೆಗೆ ಓಡಿ ಬಟ್ಟೆ ಬದಲಾಯಿಸಿ ಶಾಲೆಗೆ ಹೋದೆ. ತಡವಾಗಿತ್ತು. ಮುರಳಿ ಸರ್ ಯಾಕೆ ತಡ ಎಂದು ಕೇಳಲಿಲ್ಲ, ನಾನೇ ಹೇಳಿದೆ. ಇಡೀ ತರಗತಿಗೆ ಕೇಳಿಸುವ ಹಾಗೆ ಹೇಳಿದೆ. ಒಂದೆರಡು ಕಡೆ ತಪ್ಪಾಯಿತು. ಒಬ್ಬ ಹುಡುಗ ನಕ್ಕ. ನಾನು ಮುಂದುವರಿಸಿದೆ.

ಸಂಜೆ ಮನೆಗೆ ಬಂದಾಗ ಅಮ್ಮ ತಂಗಿಗೆ ಹಾಲು ಕುಡಿಸುತ್ತಿದ್ದಳು. ಯಾವಾಗಲೂ ನಾನು ಬಂದ ಕೂಡಲೇ ಅಂಗಡಿಯಲ್ಲಿ ಇದನ್ನು ಕೇಳಿ ಬಾ, ಅವರಿಗೆ ಅದನ್ನು ಹೇಳಿ ಬಾ ಎನ್ನುತ್ತಿದ್ದಳು. ಅವತ್ತು ಚೀಲ ಇಳಿಸು ಎಂದಳು. ಪಕ್ಕದಲ್ಲಿ ಜಾಗ ಮಾಡಿದಳು. ಆಮೇಲೆ ಥೇಟ್ ಅಮ್ಮಯಮ್ಮ ಅಜ್ಜಿಯ ಹಾಗೆ, ‘ಇಸ್ಕೂಲಲ್ಲಿ ಇವತ್ತು ಏನಾಯ್ತವ್ವ?’ ಎಂದು ಕೇಳಿದಳು.

ನಾವು ಈ ಊರಿಗೆ ಬಂದ ಮೇಲೆ ಅಮ್ಮ ಇದನ್ನು ಒಂದು ಸಲವೂ ಕೇಳಿರಲಿಲ್ಲ. ಅವಳು ಕನ್ನಡದಲ್ಲಿ ಕೇಳಿದಳು, ನಾನು ನೇಪಾಳಿಯಲ್ಲಿ ಹೇಳತೊಡಗಿದೆ. ಶಾಲೆಯ ಮೊದಲ ದಿನದಿಂದ ಶುರು ಮಾಡಿದೆ. ಅಪ್ಪ ತೋಟದಿಂದ ಬಂದರೂ, ತಂಗಿ ನಿದ್ದೆ ಹೋದರೂ, ಇನ್ನೂ ಮುಗಿದಿರಲಿಲ್ಲ.

ಪ್ರೀತಿಯಿಂದ,
ಬಿಪನಾ